ಪಾಲಿಸಿ ಕೊಳ್ಳುವವನೂ ತೀರ್ಪು ಕೊಡುವವನೂ ಒಬ್ಬನೇ ಆಗಬೇಕೇ? ವಿಮಾ ಪ್ರಾಧಿಕಾರದ ಅಧ್ಯಕ್ಷರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ,
ಹೈದರಾಬಾದ್

ವಿಷಯ: 1938ರ ವಿಮಾ ಕಾಯ್ದೆಯ 38ನೇ ಕಲಮಿನಡಿ ಜೀವವಿಮಾ ಪಾಲಿಸಿಯ ಅಸೈನ್‌ಮೆಂಟನ್ನು (ಇನ್ನೊಬ್ಬರ ಹೆಸರಿಗೆ ವರ್ಗಾವಣೆಯನ್ನು) ನಿರಾಕರಿಸುವ ಅಧಿಕಾರ ಮತ್ತು ಅದರ ಬಳಕೆಯ ಕುರಿತು.

ಮಾನ್ಯರೇ,

ಜೀವವಿಮಾ ಪಾಲಿಸಿಯನ್ನು ಅವಧಿಗೆ ಮುಂಚೆಯೇ ಕಂಪನಿಗೆ ಒಪ್ಪಿಸಿ ಹೊರಬರುವವರಿಗೆ ಎಷ್ಟು ಹಣ ಸಿಗಬೇಕು ಎಂಬ ಪ್ರಶ್ನೆಯನ್ನು ಪ್ರಾಧಿಕಾರವು 2024ರಲ್ಲಿ ಕೈಗೆತ್ತಿಕೊಂಡು, ಕಂಪನಿಗಳ ವಿರೋಧದ ನಡುವೆಯೂ ಒಂದು ನಿಯಮವನ್ನು ತಂದಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಆ ನಿಯಮದಂತೆ, ಒಂದು ಪೂರ್ಣ ವರ್ಷದ ಪ್ರೀಮಿಯಂ ಕಟ್ಟಿದವರಿಗೂ ವಿಶೇಷ ಸರೆಂಡರ್ ಮೌಲ್ಯ ಸಿಗುತ್ತದೆ. ಮುಂದೆ ಸಿಗಬೇಕಾದ ಮೊತ್ತವನ್ನು ಇವತ್ತಿನ ಬೆಲೆಗೆ ಇಳಿಸಿ ಆ ಮೌಲ್ಯವನ್ನು ಲೆಕ್ಕ ಹಾಕುವಾಗ ಕಂಪನಿ ಬಳಸುವ ಬಡ್ಡಿದರವು (ಇದು ಹೆಚ್ಚಾದಷ್ಟೂ ಕೈಗೆ ಬರುವ ಹಣ ಕಡಿಮೆ) ಹತ್ತು ವರ್ಷದ ಸರ್ಕಾರಿ ಸಾಲಪತ್ರದ ದರಕ್ಕಿಂತ ಅರ್ಧ ಶೇಕಡಾವಾರಿಗಿಂತ ಹೆಚ್ಚಿರುವಂತಿಲ್ಲ. ಇದು ಒಳ್ಳೆಯ ಕೆಲಸ. ಆದರೆ ಇದರ ಪಕ್ಕದಲ್ಲೇ ಇರುವ ಇನ್ನೊಂದು ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಪಾಲಿಸಿಯನ್ನು ಬಿಟ್ಟುಕೊಡಲು ನಿರ್ಧರಿಸಿದ ವ್ಯಕ್ತಿ ಅದನ್ನು ಕಂಪನಿಗೇ ಏಕೆ ಕೊಡಬೇಕು? ಹೆಚ್ಚು ಬೆಲೆ ಕೊಡಲು ಸಿದ್ಧನಿರುವ ಮೂರನೆಯವನಿಗೆ ಏಕೆ ಮಾರಬಾರದು? ಈ ಪತ್ರ ಆ ಪ್ರಶ್ನೆಯ ಬಗ್ಗೆ.

ನಾನು ದಾವಣಗೆರೆಯಲ್ಲಿ ಸಣ್ಣ ವ್ಯಾಪಾರಿಗಳ ಮತ್ತು ಸಂಬಳದಾರರ ತೆರಿಗೆ ಲೆಕ್ಕಪತ್ರ ನೋಡಿಕೊಳ್ಳುವವನು. ವರ್ಷದ ಕೊನೆಯಲ್ಲಿ ತೆರಿಗೆ ಉಳಿಸಲೆಂದು ಅವಸರದಲ್ಲಿ ಮಾಡಿಸಿದ ಪಾಲಿಸಿ, ಪರಿಚಯದ ಏಜೆಂಟರ ಮಾತು ತೆಗೆದುಹಾಕಲಾಗದೆ ಮಾಡಿಸಿದ ಪಾಲಿಸಿ, ಮಗಳ ಮದುವೆಗೆಂದು ಮಾಡಿಸಿ ಮದುವೆಗೆ ಮೊದಲೇ ಆಸ್ಪತ್ರೆ ಖರ್ಚಿಗೆ ಬೇಕಾಗಿಬಿಡುವ ಪಾಲಿಸಿ, ಇವೆಲ್ಲವೂ ನಮ್ಮಂಥವರ ಮೇಜಿನ ಮೇಲೆ ಬಂದು ಹೋಗುತ್ತವೆ. ಬಾಂಡ್ ಹಿಡಿದು ಬಂದವರಿಗೆ ನಾವು ಹೇಳುವ ದಾರಿಗಳು ಮೂರೇ: ಪ್ರೀಮಿಯಂ ನಿಲ್ಲಿಸಿ, ಕಟ್ಟಿದಷ್ಟಕ್ಕೆ ತಕ್ಕ ಕಡಿಮೆ ಮೊತ್ತ ಅವಧಿಯ ಕೊನೆಗೆ ಸಿಗುವಂತೆ ಪೇಡ್‌ಅಪ್ ಮಾಡಿಡಿ, ಬಾಂಡ್ ಮೇಲೆ ಸಾಲ ತೆಗೆಯಿರಿ, ಇಲ್ಲವೇ ಸರೆಂಡರ್ ಮಾಡಿ. ಪೇಡ್‌ಅಪ್ ಮಾಡಿದರೆ ಹಣ ಇವತ್ತು ಕೈಗೆ ಬರುವುದಿಲ್ಲ. ಸಾಲವೆಂದರೆ ಸರೆಂಡರ್ ಮೌಲ್ಯದ ಒಂದು ಭಾಗ ಮಾತ್ರ, ಜೊತೆಗೆ ಬಡ್ಡಿ ಬೆಳೆದು ಆ ಮೌಲ್ಯವನ್ನು ದಾಟಿದರೆ ಪಾಲಿಸಿಯೇ ಮುಗಿದುಹೋಗುವ ಅಪಾಯ. ಹಾಗಾಗಿ ಹೆಚ್ಚಿನವರು ಸರೆಂಡರ್ ಅರ್ಜಿಗೇ ಸಹಿ ಹಾಕುತ್ತಾರೆ. ಹಳೆಯ ನಿಯಮದಡಿ ಮಾರಾಟವಾದ ಪಾಲಿಸಿಯಲ್ಲಿ ವರ್ಷಕ್ಕೆ ಐವತ್ತು ಸಾವಿರದಂತೆ ನಾಲ್ಕು ವರ್ಷ ಕಟ್ಟಿದವರಿಗೆ ಖಾತರಿಯಾಗಿ ಸಿಗುವುದು ಅದರ ಅರ್ಧ, ಅಂದರೆ ಒಂದು ಲಕ್ಷ, ಮತ್ತು ಸೇರಿಕೊಂಡ ಬೋನಸ್ಸಿನ ಒಂದು ಸಣ್ಣ ಅಂಶ. ಮೂರನೇ ವರ್ಷಕ್ಕೇ ಬಿಟ್ಟವರಿಗೆ ಕಟ್ಟಿದ್ದರ ಶೇಕಡಾ 35.

ನಾಲ್ಕನೆಯ ದಾರಿಯೊಂದು ಕಾಯ್ದೆಯಲ್ಲಿ ಮೊದಲಿನಿಂದಲೂ ಇದೆ. 38ನೇ ಕಲಮು ಪಾಲಿಸಿಯ ಹಕ್ಕನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು, ಅಂದರೆ ಅಸೈನ್ ಮಾಡಲು, ಅವಕಾಶ ಕೊಡುತ್ತದೆ. ಮನೆ ಸಾಲಕ್ಕೆ ಬ್ಯಾಂಕಿನವರು ಬಾಂಡನ್ನು ಬರೆಸಿಕೊಳ್ಳುವುದು ಇದೇ ಕಲಮಿನಡಿ. ಇದನ್ನೇ ಆಧಾರವಾಗಿಟ್ಟುಕೊಂಡು ಈ ಶತಮಾನದ ಆರಂಭದಲ್ಲಿ ಮುಂಬೈಯ ಇನ್ಶೂರ್ ಪಾಲಿಸಿ ಪ್ಲಸ್ ಸರ್ವೀಸಸ್ ಎಂಬ ಸಂಸ್ಥೆ, ಸರೆಂಡರ್ ಮಾಡಹೊರಟವರಿಂದ ಪಾಲಿಸಿಗಳನ್ನು ಕೊಂಡು, ಮುಂದಿನ ಪ್ರೀಮಿಯಂಗಳನ್ನು ತುಂಬುತ್ತಾ ಹೋಗುವವರಿಗೆ ಮಾರುವ ವ್ಯವಹಾರ ಶುರುಮಾಡಿತು. ಜೀವವಿಮಾ ನಿಗಮವು 2003ರ ಅಕ್ಟೋಬರ್ ಮತ್ತು 2005ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಗಳ ಮೂಲಕ ಇಂಥ ಅಸೈನ್‌ಮೆಂಟ್‌ಗಳನ್ನು ದಾಖಲಿಸಲು ನಿರಾಕರಿಸಿತು. ಪ್ರಕರಣ ಬಾಂಬೆ ಹೈಕೋರ್ಟಿಗೆ ಹೋಯಿತು. 2007ರಲ್ಲಿ ತೀರ್ಪು ನಿಗಮದ ವಿರುದ್ಧ ಬಂತು. ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2015ರ ಡಿಸೆಂಬರ್‌ನಲ್ಲಿ ಅದೇ ನಿಲುವನ್ನು ಎತ್ತಿಹಿಡಿಯಿತು: ಪಾಲಿಸಿ ಪಾಲಿಸಿದಾರನ ಆಸ್ತಿ, ಅದನ್ನು ವರ್ಗಾಯಿಸುವ ಅವನ ಹಕ್ಕನ್ನು ಕಂಪನಿಯ ಸುತ್ತೋಲೆಯೊಂದು ಕಸಿದುಕೊಳ್ಳಲಾಗದು.

ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದ ಆ ವಾದ ಗೆದ್ದ ಹೊತ್ತಿಗೆ ಗೆಲುವಿನ ಅರ್ಥವೇ ಕರಗಿಹೋಗಿತ್ತು. ಏಕೆಂದರೆ ಅದೇ ವರ್ಷದ ಮಾರ್ಚ್‌ನಲ್ಲಿ ಸಂಸತ್ತು ವಿಮಾ ಕಾನೂನುಗಳ ತಿದ್ದುಪಡಿ ಕಾಯ್ದೆಯನ್ನು ಅಂಗೀಕರಿಸಿ 38ನೇ ಕಲಮನ್ನೇ ಹೊಸದಾಗಿ ಬರೆದಿತ್ತು. ಹೊಸ ಕಲಮಿನ ಪ್ರಕಾರ, ಅಸೈನ್‌ಮೆಂಟ್ ಪ್ರಾಮಾಣಿಕವಲ್ಲ, ಪಾಲಿಸಿದಾರರ ಹಿತಕ್ಕೆ ಅಥವಾ ಸಾರ್ವಜನಿಕ ಹಿತಕ್ಕೆ ತಕ್ಕುದಲ್ಲ, ಇಲ್ಲವೇ ಪಾಲಿಸಿಯ ವ್ಯಾಪಾರದ ಉದ್ದೇಶದ್ದು ಎಂದು ನಂಬಲು ಸಾಕಷ್ಟು ಕಾರಣವಿದ್ದರೆ ಕಂಪನಿ ಅದನ್ನು ನಿರಾಕರಿಸಬಹುದು. ನಿರಾಕರಣೆಯ ಕಾರಣವನ್ನು ಬರೆದು ಮೂವತ್ತು ದಿನಗಳೊಳಗೆ ಪಾಲಿಸಿದಾರರಿಗೆ ತಿಳಿಸಬೇಕು. ಒಪ್ಪಿಗೆಯಾಗದವರು ಮತ್ತೆ ಮೂವತ್ತು ದಿನಗಳೊಳಗೆ ತಮ್ಮ ಪ್ರಾಧಿಕಾರದ ಮುಂದೆ ಬರಬಹುದು.

ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಪಾಲಿಸಿಯನ್ನು ಬಿಡಲು ಬಂದವರ ಎದುರಿಗೆ ಇರುವ ಏಕೈಕ ಖರೀದಿದಾರ ವಿಮಾ ಕಂಪನಿ. ಅವರು ಬೇರೊಬ್ಬ ಖರೀದಿದಾರನ ಬಳಿಗೆ ಹೋಗಬಹುದೇ ಇಲ್ಲವೇ ಎಂದು ತೀರ್ಮಾನಿಸುವುದೂ ಅದೇ ಕಂಪನಿ. ಬಡಾವಣೆ ಕಟ್ಟಿದವನು ತಾನು ಮಾರಿದ ಸೈಟನ್ನು ತನಗೇ, ತಾನು ಹೇಳಿದ ಬೆಲೆಗೇ ವಾಪಸ್ ಕೊಡಬೇಕು, ಬೇರೆಯವರಿಗೆ ಮಾರುವುದಾದರೆ ತನ್ನ ಒಪ್ಪಿಗೆ ಬೇಕು ಎಂದರೆ ನಾವು ಒಪ್ಪುವುದಿಲ್ಲ. ಅವಧಿಗೆ ಮುಂಚೆ ಬಿಟ್ಟುಹೋಗುವವರು ಕಡಿಮೆ ಹಣ ಪಡೆದಷ್ಟೂ ಉಳಿಯುವ ಲಾಭ ಕಂಪನಿಯ ಲೆಕ್ಕಕ್ಕೆ, ಲಾಭಾಂಶವಿರುವ ಪಾಲಿಸಿಯಾದರೆ ಉಳಿದ ಪಾಲಿಸಿದಾರರ ನಿಧಿಗೆ ಸೇರುತ್ತದೆ. ಉಳಿದವರ ಹಿತವನ್ನೂ ಕಾಯಬೇಕು ಎಂಬ ವಾದದಲ್ಲಿ ಸತ್ಯವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸ್ವಂತ ಹಿತಾಸಕ್ತಿ ಇಷ್ಟು ನೇರವಾಗಿರುವ ಕಡೆ ತೀರ್ಮಾನದ ಅಧಿಕಾರವನ್ನೂ ಅಲ್ಲಿಯೇ ಇಡುವುದು ನಿಯಂತ್ರಣದ ಯಾವ ತತ್ವಕ್ಕೂ ಹೊಂದುವುದಿಲ್ಲ.

ಪಾಲಿಸಿಗಳ ಮಾರುಕಟ್ಟೆ ಬಿಟ್ಟರೆ ಸಾವಿನ ಮೇಲೆ ಜೂಜು ನಡೆಯುತ್ತದೆ ಎಂಬುದು 2015ರ ತಿದ್ದುಪಡಿಯ ಹಿಂದಿನ ಭಯ. ಈ ಭಯ ಕಲ್ಪನೆಯಲ್ಲ. ಅದನ್ನು ಹೇಗೆ ಎದುರಿಸಬಹುದು ಎಂಬುದಕ್ಕೆ ಅಮೆರಿಕದ ರಾಜ್ಯಗಳು ಮೂರು ದಶಕಗಳಿಂದ ಬರೆದು, ಅಳಿಸಿ, ಮತ್ತೆ ಬರೆಯುತ್ತಿರುವ ಕಾನೂನುಗಳಿಗಿಂತ ಉಪಯುಕ್ತವಾದ ಪಾಠ ಇನ್ನೊಂದಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಅಲ್ಲಿ ಮೂಲ ಪ್ರಶ್ನೆ 1911ರಲ್ಲೇ ಇತ್ಯರ್ಥವಾಯಿತು. ಶಸ್ತ್ರಚಿಕಿತ್ಸೆಗೆ ಹಣವಿಲ್ಲದ ಬರ್ಚರ್ಡ್ ಎಂಬಾತ ನೂರು ಡಾಲರಿಗೆ ಮತ್ತು ಮುಂದಿನ ಪ್ರೀಮಿಯಂ ತುಂಬುವ ಒಪ್ಪಂದಕ್ಕೆ ತನ್ನ ಪಾಲಿಸಿಯನ್ನು ವೈದ್ಯ ಗ್ರಿಗ್ಸ್‌ಬಿಗೆ ಬರೆದುಕೊಟ್ಟಿದ್ದ. ಅವನ ಮರಣಾನಂತರ ಹಣ ಯಾರಿಗೆ ಎಂಬ ವಿವಾದದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್, ಪ್ರಾಮಾಣಿಕವಾಗಿ ಮಾಡಿಸಿದ ಪಾಲಿಸಿಯನ್ನು ಇತರ ಆಸ್ತಿಯಂತೆಯೇ ಮಾರಬಹುದು ಎಂದು ತೀರ್ಪು ಬರೆದರು. ಆ ಹಕ್ಕು ಬಹುಕಾಲ ಬಳಕೆಯಾಗದೆ ಬಿದ್ದಿತ್ತು. ಏಡ್ಸ್ ಹಬ್ಬಿದ 1980ರ ದಶಕದ ಕೊನೆಯಲ್ಲಿ, ಬದುಕು ತಿಂಗಳುಗಳ ಲೆಕ್ಕಕ್ಕೆ ಇಳಿದ ಯುವಕರು ಚಿಕಿತ್ಸೆಗೆ ಮತ್ತು ಮನೆ ಬಾಡಿಗೆಗೆ ತಮ್ಮ ಪಾಲಿಸಿಗಳನ್ನು ಮಾರತೊಡಗಿದಾಗ ಅದು ಒಂದು ಉದ್ಯಮವಾಯಿತು. 1990ರ ದಶಕದ ನಡುವೆ ಹೊಸ ಔಷಧಗಳು ಬಂದು ರೋಗಿಗಳು ಬದುಕುಳಿದರು. ಅವರ ಬೇಗನೆಯ ಸಾವನ್ನು ನಂಬಿ ಹಣ ಹೂಡಿದವರು ನಷ್ಟಕ್ಕೆ ಬಿದ್ದರು. ಔಷಧದ ಯಶಸ್ಸು ನಷ್ಟವೆನಿಸುವ ವ್ಯಾಪಾರದ ಬಗ್ಗೆ ನಮಗೆ ಮುಜುಗರವಾಗಬೇಕಾದದ್ದೇ.

ಅಲ್ಲಿ ವಿಮೆಯ ನಿಯಂತ್ರಣ ಕೇಂದ್ರ ಸರ್ಕಾರದ ಕೈಯಲ್ಲಿಲ್ಲ, ಪ್ರತಿ ರಾಜ್ಯದ ಕೈಯಲ್ಲಿದೆ. ರಾಜ್ಯ ವಿಮಾ ಆಯುಕ್ತರ ರಾಷ್ಟ್ರೀಯ ಸಂಘವಾದ ಎನ್‌ಎಐಸಿ 1993ರಲ್ಲಿ ಒಂದು ಮಾದರಿ ಕಾಯ್ದೆಯನ್ನು ರೂಪಿಸಿತು. ವಿಮಾ ವಿಷಯದ ಶಾಸಕರ ಒಕ್ಕೂಟವಾದ ಎನ್‌ಕಾಯಿಲ್ 2000ದಲ್ಲಿ ತನ್ನದೇ ಇನ್ನೊಂದನ್ನು ತಂದಿತು. ಮೊದಲ ಹಂತದ ಈ ಕಾನೂನುಗಳು ಮಾರುವ ರೋಗಿಯನ್ನು ಕಾಯುವುದರ ಕಡೆಗೆ ನೋಡುತ್ತಿದ್ದವು. ಹಣ ಹೂಡುವವನನ್ನು ಯಾರು ಕಾಯಬೇಕು ಎಂಬ ಪ್ರಶ್ನೆ ಫ್ಲಾರಿಡಾದ ಮ್ಯೂಚುವಲ್ ಬೆನಿಫಿಟ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಎದ್ದಿತು. 2004ರಲ್ಲಿ ಅಲ್ಲಿನ ಷೇರು ನಿಯಂತ್ರಕರು ಅದನ್ನು ಮುಚ್ಚಿಸುವ ಹೊತ್ತಿಗೆ ಮೂವತ್ತು ಸಾವಿರ ಹೂಡಿಕೆದಾರರ ನೂರು ಕೋಟಿ ಡಾಲರಿನಷ್ಟು ಹಣ ಅದರಲ್ಲಿ ಸಿಕ್ಕಿಕೊಂಡಿತ್ತು. ಅದರ ಬೆನ್ನಿಗೇ ಇನ್ನೊಂದು ರೋಗ ಕಾಣಿಸಿಕೊಂಡಿತು. ವಿಮೆಯ ಅಗತ್ಯವೇ ಇಲ್ಲದ ವೃದ್ಧರನ್ನು ಹಿಡಿದು, ಪ್ರೀಮಿಯಂ ಹಣವನ್ನೂ ತಾವೇ ಕೊಟ್ಟು, ಅವರ ಹೆಸರಲ್ಲಿ ದೊಡ್ಡ ಪಾಲಿಸಿ ಮಾಡಿಸಿ, ಎರಡು ವರ್ಷ ಕಳೆದೊಡನೆ ತಮ್ಮ ಹೆಸರಿಗೆ ಬರೆಸಿಕೊಳ್ಳುವ ದಲ್ಲಾಳಿಗಳು ಹುಟ್ಟಿಕೊಂಡರು. ಇದು ಪಾಲಿಸಿಯ ಮಾರಾಟವಲ್ಲ, ಮಾರಾಟಕ್ಕಾಗಿಯೇ ಪಾಲಿಸಿಯನ್ನು ಹುಟ್ಟಿಸುವುದು.

2007ರಲ್ಲಿ ಎರಡೂ ಸಂಸ್ಥೆಗಳು ತಮ್ಮ ಮಾದರಿಗಳನ್ನು ತಿದ್ದಿದಾಗ ಕಂಡ ಭಿನ್ನಾಭಿಪ್ರಾಯ ಗಮನಿಸತಕ್ಕದ್ದು. ಆಯುಕ್ತರ ಸಂಘವು ಹೊರಗಿನವರ ಹಣದಿಂದ ಹುಟ್ಟಿದ ಲಕ್ಷಣವಿರುವ ಪಾಲಿಸಿಗಳನ್ನು ಐದು ವರ್ಷ ಮಾರುವಂತಿಲ್ಲ ಎಂದಿತು. ಶಾಸಕರ ಒಕ್ಕೂಟವು ಕಾಯುವ ಅವಧಿಯನ್ನು ಎರಡೇ ವರ್ಷಕ್ಕೆ ಇಟ್ಟು, ಅಂಥ ಯೋಜನೆಯನ್ನೇ ವ್ಯಾಖ್ಯಾನಿಸಿ ವಂಚನೆ ಎಂದು ಘೋಷಿಸಿತು. ರಾಜ್ಯಗಳು ತಮಗೆ ಸರಿಕಂಡದ್ದನ್ನು ಆರಿಸಿಕೊಂಡವು, ಕೆಲವು ಎರಡನ್ನೂ ಬೆರೆಸಿದವು. ಇವತ್ತು ನಲವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಈ ವ್ಯವಹಾರಕ್ಕೆ ಕಾನೂನಿನ ಚೌಕಟ್ಟಿದೆ. ನ್ಯಾಯಾಲಯಗಳೂ ಸುಮ್ಮನಿರಲಿಲ್ಲ: ಜೂಜಿಗೆಂದೇ ಹುಟ್ಟಿದ ಪಾಲಿಸಿ ಮೊದಲ ದಿನದಿಂದಲೇ ಅಸಿಂಧು ಎಂದು 2011ರಲ್ಲಿ ಡೆಲವೇರ್‌ನ ಸುಪ್ರೀಂ ಕೋರ್ಟ್, 2019ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟವು. ಪ್ರಾಮಾಣಿಕ ಪಾಲಿಸಿಯ ಮಾರಾಟದ ಹಕ್ಕನ್ನು ಮಾತ್ರ ಇವು ಯಾವುವೂ ಕಿತ್ತುಕೊಳ್ಳಲಿಲ್ಲ.

ಆ ಕಾನೂನುಗಳ ಒಳವಿವರಗಳಲ್ಲಿ ಕೆಲವನ್ನು ಪ್ರಾಧಿಕಾರದ ಅಧಿಕಾರಿಗಳು ಓದಬೇಕೆಂದು ನನ್ನ ವಿನಂತಿ. ಖರೀದಿದಾರ ಸಂಸ್ಥೆಗೂ ದಲ್ಲಾಳಿಗೂ ಪರವಾನಗಿ ಬೇಕು. ದಲ್ಲಾಳಿ ಮಾರುವವರ ಪರವಾಗಿಯೇ ಕೆಲಸ ಮಾಡಬೇಕು. ಮಾರುವವರು ಸ್ಥಿರಬುದ್ಧಿಯಲ್ಲಿದ್ದಾರೆ ಎಂದು ವೈದ್ಯರು ಬರೆದುಕೊಡಬೇಕು. ಮಾರಿದ ಮೇಲೂ ಮನಸ್ಸು ಬದಲಾಯಿಸಲು ಕೆಲವು ದಿನಗಳ ಅವಕಾಶವಿದೆ, ಆ ದಿನಗಳೊಳಗೆ ವಿಮೆ ಮಾಡಿಸಿದವರು ತೀರಿಕೊಂಡರೆ ಒಪ್ಪಂದ ತಾನಾಗಿಯೇ ರದ್ದಾಯಿತೆಂದು ತಿಳಿದು, ಪಡೆದ ಹಣ ಹಿಂತಿರುಗಿಸಿದರೆ ವಿಮಾ ಮೊತ್ತ ಕುಟುಂಬಕ್ಕೇ ಸೇರುತ್ತದೆ. ಪಾಲಿಸಿ ಕೊಂಡವನು ಮಾರಿದವರಿಗೆ ಪದೇಪದೇ ಫೋನ್ ಮಾಡಿ ಆರೋಗ್ಯ ವಿಚಾರಿಸುವಂತಿಲ್ಲ: ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಬದುಕುವ ಅಂದಾಜಿದ್ದರೆ ಮೂರು ತಿಂಗಳಿಗೊಮ್ಮೆ, ಅದಕ್ಕಿಂತ ಕಡಿಮೆಯಿದ್ದರೆ ತಿಂಗಳಿಗೊಮ್ಮೆ ಎಂದು ಮಾದರಿ ಕಾಯ್ದೆ ಮಿತಿ ಹಾಕಿದೆ. ಇಂಥ ಸಣ್ಣ ಕಲಮುಗಳು ಗ್ರಂಥಾಲಯದಲ್ಲಿ ಕೂತು ಬರೆದವಲ್ಲ; ಯಾರೋ ಅನುಭವಿಸಿದ ಕಿರುಕುಳದಿಂದ ಬಂದವು ಎಂಬುದು ಓದಿದರೇ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರಿದ್ದು ವಾಷಿಂಗ್ಟನ್, ಆರೆಗಾನ್, ಮೇನ್ ಮುಂತಾದ ಕೆಲವು ರಾಜ್ಯಗಳು ತಂದ ಇನ್ನೊಂದು ನಿಯಮ. ವಯಸ್ಸಾದ ಅಥವಾ ತೀವ್ರ ಕಾಯಿಲೆಯ ಪಾಲಿಸಿದಾರರು ಪಾಲಿಸಿಯನ್ನು ಬಿಟ್ಟುಕೊಡುವ ಹಂತಕ್ಕೆ ಬಂದಾಗ, ನಿಮಗೆ ಇರುವ ಬೇರೆ ದಾರಿಗಳು ಇವು ಎಂದು ವಿಮಾ ಕಂಪನಿಯೇ ಬರೆದು ತಿಳಿಸಬೇಕು. ಆ ದಾರಿಗಳಲ್ಲಿ ಮಾರಾಟವೂ ಸೇರಿರಬೇಕು. ಮಾಹಿತಿ ಇಲ್ಲದಿದ್ದರೆ ಹಕ್ಕು ಇದ್ದೂ ಇಲ್ಲದಂತೆ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 2010ರ ವರದಿಯಲ್ಲಿ ಅಂದಾಜು ಮಾಡಿದಂತೆ, 2006ರಿಂದ 2009ರವರೆಗೆ ಪಾಲಿಸಿ ಮಾರಿದವರು ಸರೆಂಡರ್ ಮಾಡಿದ್ದರೆ ಸಿಗುತ್ತಿದ್ದುದಕ್ಕಿಂತ ಒಟ್ಟು 560 ಕೋಟಿ ಡಾಲರಿಗೂ ಹೆಚ್ಚು ಪಡೆದಿದ್ದರು. ಅದೇ ವರದಿ ರಾಜ್ಯದಿಂದ ರಾಜ್ಯಕ್ಕೆ ನಿಯಮಗಳು ಬೇರೆಯಾಗಿರುವುದರಿಂದ ಮಾರುವವರ ರಕ್ಷಣೆ ಎಲ್ಲೆಡೆ ಒಂದೇ ತೆರನಾಗಿಲ್ಲ ಎಂಬುದನ್ನೂ ಹೇಳಿತು. ಒಬ್ಬನೇ ನಿಯಂತ್ರಕನಿರುವ ನಮ್ಮ ದೇಶಕ್ಕೆ ಆ ತೊಡಕಿಲ್ಲ.

ಭಾರತದಲ್ಲೂ ಅಷ್ಟೇ ದೊಡ್ಡ ಅಂತರ ಸಿಗುತ್ತದೆಂದು ನಾನು ಹೇಳುತ್ತಿಲ್ಲ. ಅಲ್ಲಿ ಮಾರಾಟವಾಗುವವು ಹೆಚ್ಚಾಗಿ ಬದುಕಿನ ಕೊನೆಯವರೆಗೂ ನಡೆಯುವ ದೊಡ್ಡ ಮೊತ್ತದ ಪಾಲಿಸಿಗಳು. ಕೊಂಡವನ ಲಾಭ ಮಾರಿದವರ ಸಾವು ಎಷ್ಟು ಬೇಗ ಎಂಬುದರ ಮೇಲೆ ನಿಂತಿದೆ. ನಮ್ಮಲ್ಲಿ ಸಾಮಾನ್ಯ ಮನೆಗಳಲ್ಲಿರುವುದು ಎಂಡೋಮೆಂಟ್ ಮತ್ತು ಮನಿಬ್ಯಾಕ್ ಪಾಲಿಸಿಗಳು. ಅವಕ್ಕೆ ನಿಗದಿಯಾದ ಮೆಚ್ಯೂರಿಟಿ ದಿನಾಂಕವಿದೆ. ಕೊಂಡವನು ಉಳಿದ ಪ್ರೀಮಿಯಂ ತುಂಬಿ ಆ ದಿನಕ್ಕಾಗಿ ಕಾಯುತ್ತಾನೆ. ಅವನಿಗೆ ಇದು ಒಂದು ದೀರ್ಘಾವಧಿ ಠೇವಣಿ. ಇಂಗ್ಲೆಂಡಿನಲ್ಲಿ ಬಹುಕಾಲ ಹರಾಜಾಗುತ್ತಿದ್ದ ಪಾಲಿಸಿಗಳಲ್ಲಿ ಇಂಥವೂ ಇದ್ದವು. ಹಾಗಾಗಿ ಮಾರುವವರಿಗೆ ಸಿಗುವ ಹೆಚ್ಚುವರಿ ಹಣ ಇಲ್ಲಿ ಕಡಿಮೆ, ಸಾವಿನ ಮೇಲಿನ ಜೂಜಿನ ಅಂಶವೂ ಕಡಿಮೆ. ಅಮೆರಿಕದ ಭಯವನ್ನು ಆಮದು ಮಾಡಿಕೊಂಡವರು ಅಲ್ಲಿನ ರಕ್ಷಣೆಗಳನ್ನು ಮಾತ್ರ ಹಡಗಿನಲ್ಲೇ ಬಿಟ್ಟರೇನೋ ಎಂದು ಕೆಲವೊಮ್ಮೆ ಅನ್ನಿಸುತ್ತದೆ.

ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಅವಧಿಯೊಳಗೆ ಸಾವಾದರೆ ಪೂರ್ತಿ ವಿಮಾ ಮೊತ್ತ ಕೊಂಡವನಿಗೆ ಬೇಗ ಸಿಗುತ್ತದೆ. ಉತ್ತರ ಪ್ರದೇಶದ ಸಂಭಲ್‌ನಲ್ಲಿ 2025ರಲ್ಲಿ ಪೊಲೀಸರು ಬಯಲಿಗೆಳೆದ ಜಾಲ, ಸಾಯುವ ಸ್ಥಿತಿಯಲ್ಲಿದ್ದ ಬಡವರ ಹೆಸರಲ್ಲಿ ಪಾಲಿಸಿ ಮಾಡಿಸುತ್ತಿದ್ದುದನ್ನು ಓದಿದ ಯಾರೂ ಈ ವಿಷಯದಲ್ಲಿ ಹಗುರವಾಗಿ ಮಾತಾಡಲಾರರು. ಆದರೆ ಆ ಜಾಲ ಬೆಳೆದದ್ದು ಪಾಲಿಸಿ ಹುಟ್ಟುವ ಹಂತದಲ್ಲಿ, ಏಜೆಂಟರು ಮತ್ತು ತನಿಖೆದಾರರ ಕಣ್ಣೆದುರಿನಲ್ಲಿ, ಮತ್ತು ಪಾಲಿಸಿ ವ್ಯಾಪಾರವನ್ನು ಕಂಪನಿಗಳು ನಿರಾಕರಿಸಬಹುದಾದ ಕಾನೂನು ಜಾರಿಯಲ್ಲಿದ್ದಾಗಲೇ. ಮಾರಾಟದ ಹಂತಕ್ಕೆ ಬೇಲಿ ಹಾಕುವುದು ಅದಕ್ಕಿಂತ ಸುಲಭ. ಬರೀ ಸಾವಿನ ಮೇಲಷ್ಟೇ ಹಣ ಕೊಡುವ ಟರ್ಮ್ ಪಾಲಿಸಿಗಳನ್ನು ಈ ಮಾರುಕಟ್ಟೆಯಿಂದ ಪೂರ್ತಿ ಹೊರಗಿಡಬಹುದು. 45ನೇ ಕಲಮಿನ ಪ್ರಕಾರ ಕಂಪನಿ ಪಾಲಿಸಿಯನ್ನು ಪ್ರಶ್ನಿಸಬಹುದಾದ ಮೂರು ವರ್ಷಗಳು ಮುಗಿಯುವವರೆಗೆ ಮಾರಾಟ ಬೇಡವೆನ್ನಬಹುದು. ಪಾಲಿಸಿಯನ್ನು ಭಾಗಶಃ ಅಸೈನ್ ಮಾಡುವುದಕ್ಕೂ ಷರತ್ತಿನ ಮೇಲೆ ಅಸೈನ್ ಮಾಡುವುದಕ್ಕೂ ಕಾಯ್ದೆ ಈಗಾಗಲೇ ಜಾಗ ಕೊಟ್ಟಿರುವುದರಿಂದ, ಅವಧಿಯೊಳಗೆ ಸಾವಾದರೆ ಕೊಂಡವನಿಗೆ ಅವನು ಕೊಟ್ಟ ಬೆಲೆ, ತುಂಬಿದ ಪ್ರೀಮಿಯಂ ಮತ್ತು ನಿಗದಿತ ಬಡ್ಡಿ ಮಾತ್ರ ಸೇರಿ ಉಳಿದದ್ದು ಕುಟುಂಬಕ್ಕೆ ಹೋಗುವಂಥ ಒಂದು ಮಾದರಿ ಒಪ್ಪಂದವನ್ನು ಪ್ರಾಧಿಕಾರವೇ ರೂಪಿಸಬಹುದು. ಹಾಗಾದರೆ ಯಾರ ಸಾವಿನಿಂದಲೂ ಯಾರಿಗೂ ಲಾಭವಿಲ್ಲ.

ಕುಟುಂಬದ ವಿಷಯ ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ಸಾಲಕ್ಕಾಗಿ ಅಲ್ಲದ ಅಸೈನ್‌ಮೆಂಟ್ ಆದೊಡನೆ ನಾಮಿನೇಷನ್ ರದ್ದಾಗುತ್ತದೆ ಎಂಬುದು ಬಾಂಡ್ ಹಿಡಿದವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ನಾಮಿನಿಯಾದ ಹೆಂಡತಿಗಂತೂ ಯಾರೂ ಹೇಳುವುದಿಲ್ಲ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿದ ಪಾಲಿಸಿಗಳು ಹೆಂಡತಿ ಮಕ್ಕಳ ಹೆಸರಿನ ಟ್ರಸ್ಟ್ ಆಗಿರುವುದರಿಂದ ಅವನ್ನು ಗಂಡ ಮಾರಲಾರ. ಅದು ಹಾಗೆಯೇ ಇರಬೇಕು. ಉಳಿದ ಪಾಲಿಸಿಗಳ ಮಾರಾಟದಲ್ಲಿ ನಾಮಿನಿಗೆ ಮುಂಚಿತವಾಗಿ ಲಿಖಿತ ತಿಳಿವಳಿಕೆ ಕೊಡುವುದನ್ನು ಕಡ್ಡಾಯ ಮಾಡದೆ ಯಾವ ಮಾರುಕಟ್ಟೆಯನ್ನೂ ತೆರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಖರೀದಿದಾರರಿಗೆ ಪರವಾನಗಿ ಕೊಡುವ ವ್ಯವಸ್ಥೆಗೆ ಕಾಯ್ದೆಯ ತಿದ್ದುಪಡಿಯೇ ಬೇಕಾಗಬಹುದು. ಅದು ಸಂಸತ್ತಿನ ಕೆಲಸ, ಅದಕ್ಕೆ ಶಿಫಾರಸು ಮಾಡುವುದು ಪ್ರಾಧಿಕಾರದ ಕೆಲಸ. ಆದರೆ ತಿದ್ದುಪಡಿಗೆ ಕಾಯದೆ ಇವತ್ತೇ ಮಾಡಬಹುದಾದದ್ದು ಕಡಿಮೆಯೇನಿಲ್ಲ. ವ್ಯಾಪಾರದ ಉದ್ದೇಶ ಎಂದರೆ ಏನು ಎಂದು ಕಲಮಿನಲ್ಲಿ ವಿವರಣೆಯಿಲ್ಲ. ತಮ್ಮನ ಪಾಲಿಸಿಯನ್ನು ಅಣ್ಣ ಹಣ ಕೊಟ್ಟು ಬರೆಸಿಕೊಂಡರೆ ಅದು ವ್ಯಾಪಾರವೇ? ಸಾಲ ತೀರಿಸಲಾರದವರು ಪಾಲಿಸಿಯನ್ನು ಪೂರ್ತಿಯಾಗಿ ಸಹಕಾರಿ ಸಂಘಕ್ಕೆ ಬಿಟ್ಟುಕೊಟ್ಟರೆ? ಒಂದೇ ಒಂದು ಪಾಲಿಸಿ ಕೊಂಡ ನೆರೆಯವನೂ ಸಾವಿರ ಪಾಲಿಸಿ ಕೊಳ್ಳುವ ಸಂಸ್ಥೆಯೂ ಒಂದೇ ಸಾಲಿಗೆ ಸೇರುತ್ತಾರೆಯೇ? ಇದನ್ನು ಆಯಾ ಶಾಖೆಯ ಅಧಿಕಾರಿಯ ಊಹೆಗೆ ಬಿಡದೆ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಬೇಕು.

ಎರಡನೆಯದು ಸರೆಂಡರ್ ಅರ್ಜಿಯ ಮೊದಲ ಪುಟಕ್ಕೆ ಸಂಬಂಧಿಸಿದ್ದು. ಸಹಿ ಮಾಡುವ ಮುನ್ನ ಪಾಲಿಸಿದಾರರ ಕೈಗೆ, ಅವರ ಭಾಷೆಯಲ್ಲಿ, ನಾಲ್ಕು ಅಂಕಿಗಳಿರುವ ಒಂದು ಹಾಳೆ ಸಿಗಬೇಕು: ಇವತ್ತು ಸರೆಂಡರ್ ಮಾಡಿದರೆ ಎಷ್ಟು, ಪೇಡ್‌ಅಪ್ ಮಾಡಿದರೆ ಯಾವಾಗ ಎಷ್ಟು, ಸಾಲ ಎಷ್ಟು ಯಾವ ಬಡ್ಡಿಗೆ, ಕೊನೆಯವರೆಗೆ ನಡೆಸಿದರೆ ಅಂದಾಜು ಎಷ್ಟು. ಅದರ ಕೆಳಗೆ, 38ನೇ ಕಲಮಿನಡಿ ಅಸೈನ್ ಮಾಡುವ ಹಕ್ಕಿದೆ, ನಿರಾಕರಿಸಿದರೆ ಮೂವತ್ತು ದಿನಗಳೊಳಗೆ ಪ್ರಾಧಿಕಾರದ ಮೊರೆಹೋಗಬಹುದು ಎಂಬ ಎರಡು ಸಾಲು. ಹುಬ್ಬಳ್ಳಿಯ ಶಾಖೆಯಲ್ಲಿ ಕನ್ನಡದಲ್ಲೂ ಸೊಲ್ಲಾಪುರದ ಶಾಖೆಯಲ್ಲಿ ಮರಾಠಿಯ ಜೊತೆ ಕನ್ನಡದಲ್ಲೂ ಈ ಹಾಳೆ ಮುದ್ರಿಸಲು ಕಂಪನಿಗಳಿಗೆ ಕಷ್ಟವಾಗಲಾರದು. ಹೊಸ ಪಾಲಿಸಿಯ ಜಾಹೀರಾತನ್ನು ಅವು ಎಲ್ಲ ಭಾಷೆಗಳಲ್ಲೂ ಮುದ್ರಿಸುತ್ತಿವೆ.

ಕೊನೆಯದಾಗಿ ಒಂದು ಮಾಹಿತಿಯನ್ನು ಕೋರುತ್ತೇನೆ. ತಿದ್ದುಪಡಿ ಬಂದು ದಶಕ ಕಳೆದಿದೆ. ಈ ಅವಧಿಯಲ್ಲಿ ಪ್ರತಿ ಕಂಪನಿ ಎಷ್ಟು ಅಸೈನ್‌ಮೆಂಟ್‌ಗಳನ್ನು ದಾಖಲಿಸಿತು, ಎಷ್ಟನ್ನು ವ್ಯಾಪಾರದ ಉದ್ದೇಶವೆಂಬ ಕಾರಣ ಕೊಟ್ಟು ನಿರಾಕರಿಸಿತು, ಆ ನಿರಾಕರಣೆಯ ವಿರುದ್ಧ ಎಷ್ಟು ಜನ ಪ್ರಾಧಿಕಾರದ ಬಳಿ ಬಂದರು ಮತ್ತು ಅವರಲ್ಲಿ ಎಷ್ಟು ಜನರ ಪರ ತೀರ್ಮಾನವಾಯಿತು ಎಂಬ ಅಂಕಿ ಅಂಶಗಳನ್ನು ಮುಂದಿನ ವಾರ್ಷಿಕ ವರದಿಯಲ್ಲಿ, ಕಂಪನಿವಾರು, ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪಾಲಿಸಿದಾರ,
ದಾವಣಗೆರೆ